ದಡದಲ್ಲಿ ನಿಂತು ದುಡಿದವರನ್ನು ಸನ್ಮಾನಿಸುವುದಾದರೆ: ಶಿವಮೊಗ್ಗ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಅಧಿಕಾರಿಗಳು
ಜಿಲ್ಲೆಯ ಜಲಸಾಹಸ ಕ್ಲಬ್‌ಗಳ ಪದಾಧಿಕಾರಿಗಳು

ವಿಷಯ: ಜಲಕ್ರೀಡೆಯನ್ನು ಎಲ್ಲರಿಗೂ ಮುಟ್ಟಿಸುತ್ತಿರುವ ಸ್ವಯಂಸೇವಕರನ್ನು ಗುರುತಿಸಿ ಗೌರವಿಸುವ ಬಗ್ಗೆ.

ಮಾನ್ಯರೇ,

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಅಣೆಕಟ್ಟೆಗಳ ನೀರಿನ ಮಟ್ಟದ ಕಡೆಗೆ. ಲಿಂಗನಮಕ್ಕಿ 1819 ಅಡಿ ಮುಟ್ಟಿತೇ, ಭದ್ರಾ 186 ಆಯಿತೇ, ಗಾಜನೂರಿನಲ್ಲಿ ಗೇಟು ತೆಗೆದರೇ ಎಂದು ಮನೆಮನೆಯಲ್ಲೂ ಮಾತು. ಮಳೆ ಹಿಂದೆಗೆದ ಮೇಲೆ ಅದೇ ಹಿನ್ನೀರಿನ ಮೇಲೆ ಕಯಾಕು, ತೆಪ್ಪ, ರಬ್ಬರ್ ದೋಣಿಗಳು ಇಳಿಯುತ್ತವೆ. ಆದರೆ ದೋಣಿಯೊಳಗೆ ಕೂತವರನ್ನು ಒಮ್ಮೆ ನೋಡಿ. ದೂರದ ಊರಿಂದ ಬಂದ, ಈಜು ಬಲ್ಲ, ಕೈಕಾಲು ಗಟ್ಟಿಯಿರುವ ಹುಡುಗರೇ ಹೆಚ್ಚು. ದಂಡೆಯ ಊರಿನ ಹೆಣ್ಣುಮಕ್ಕಳು, ಮುಳುಗಡೆಯಲ್ಲಿ ಮನೆ ಗದ್ದೆ ಕಳೆದುಕೊಂಡವರ ಮೊಮ್ಮಕ್ಕಳು, ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕಿವಿ ಕೇಳದವರು ದಡದಲ್ಲಿ ನಿಂತು ನೋಡುವವರಾಗಿಯೇ ಉಳಿದಿದ್ದಾರೆ.

ಇದನ್ನು ಬದಲಿಸುವ ಕೆಲಸ ಆಗುತ್ತಿರುವ ಕಡೆಯಲ್ಲೆಲ್ಲ ಅದು ಸಂಬಳವಿಲ್ಲದ ಕೆಲವರ ರಟ್ಟೆಯ ಮೇಲೆ ನಿಂತಿದೆ. ಅವರನ್ನು ಗೌರವಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ, ಒಳ್ಳೆಯದೇ. ಅವರು ಮಾಡುತ್ತಿರುವುದು ಏನು ಎನ್ನುವುದು ಮೊದಲು ತಿಳಿದರೆ, ಹೇಗೆ ಗೌರವಿಸಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಅದಕ್ಕಾಗಿ ಈ ಪತ್ರ.

ದಂಡೆಯಿಂದ ಶುರು ಮಾಡೋಣ. ನಮ್ಮ ಹಿನ್ನೀರಿನ ಅಂಚು ಒಂದು ಕಡೆ ನಿಲ್ಲುವುದಿಲ್ಲ. ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವ ದಂಡೆಯಲ್ಲಿ ನೀರು ಒಂದೇ ಒಂದು ಅಡಿ ತಗ್ಗಿದರೂ ಅಂಚು ಹನ್ನೆರಡು ಅಡಿ ಹಿಂದೆ ಸರಿಯುತ್ತದೆ. ನವೆಂಬರಿನಲ್ಲಿ ನೀರಿಗೆ ತಾಗಿಕೊಂಡಿದ್ದ ಕಾಂಕ್ರೀಟ್ ಇಳಿಜಾರು ಫೆಬ್ರವರಿಯ ಹೊತ್ತಿಗೆ ಒಣನೆಲದಲ್ಲಿ ನಿಂತಿರುತ್ತದೆ. ಅದರ ಮುಂದೆ ಕೆಂಪು ಕೆಸರು, ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಮೊಣಕಾಲು ಮುಳುಗುವಂಥದ್ದು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಅದರಲ್ಲಿ ಹೂತರೆ ಕೂತವರು ಮುಖ ಅಡಿಯಾಗಿ ಬೀಳುತ್ತಾರೆ.

ಇದಕ್ಕೆ ಮಲೆನಾಡಿನವರ ಕೈಯಲ್ಲೇ ಉತ್ತರವಿದೆ: ಅಡಿಕೆ ದಬ್ಬೆ, ಎಂದರೆ ಅಡಿಕೆ ಮರ ಸೀಳಿದ ಪಟ್ಟಿ. ಹಳ್ಳ ದಾಟಲು ಕಾಲುಸಂಕ ಕಟ್ಟುವ ಅದೇ ದಬ್ಬೆಯಿಂದ ನಾಲ್ಕಡಿ ಅಗಲ, ಆರಡಿ ಉದ್ದದ ಹಾಸುಗಳನ್ನು ಮಾಡಿಟ್ಟುಕೊಂಡರೆ ಇಬ್ಬರು ಎತ್ತಿ ಸರಿಸಬಹುದು. ದಬ್ಬೆಗಳನ್ನು ಚಕ್ರ ಸಾಗುವ ದಿಕ್ಕಿಗೆ ಅಡ್ಡಲಾಗಿ ಜೋಡಿಸಬೇಕು. ಉದ್ದಕ್ಕೆ ಜೋಡಿಸಿದರೆ ಚಕ್ರ ಸಂದಿನೊಳಗೆ ಕೂರುತ್ತದೆ. ನಡುವಿನ ಸಂದು ಕಿರುಬೆರಳಿಗಿಂತ ದೊಡ್ಡದಿರಬಾರದು. ಕಟ್ಟುವುದು ನೈಲಾನ್ ಹಗ್ಗದಿಂದಲೇ, ಮೊಳೆಯಿಂದ ಬೇಡ. ದಬ್ಬೆ ಒಣಗಿ ಕುಗ್ಗಿದಾಗ ಮೊಳೆ ಮೇಲೆದ್ದು ಟ್ಯೂಬನ್ನೂ ರಬ್ಬರ್ ದೋಣಿಯನ್ನೂ ಒಟ್ಟಿಗೇ ತೂತು ಮಾಡುತ್ತದೆ. ದಬ್ಬೆಯ ಗಟ್ಟಿ ಮೈ ಮೇಲಿರಬೇಕು, ಆದರೆ ಆ ಮೈ ನೆನೆದರೆ ಜಾರುತ್ತದೆ. ಹಾಗಾಗಿ ಗೇಣಿಗೊಂದು ಸುತ್ತು ತೆಂಗಿನ ನಾರಿನ ಹಗ್ಗ ಬಿಗಿಯಬೇಕು. ಮುಖ್ಯವಾದದ್ದು ಸಿಬಿರು. ಕಾಲಿನಲ್ಲಿ ಸ್ಪರ್ಶವಿಲ್ಲದವರಿಗೆ ಸಿಬಿರು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ, ಎರಡು ದಿನ ಬಿಟ್ಟು ಕೀವಾದಾಗ ಗೊತ್ತಾಗುತ್ತದೆ. ಪ್ರತಿ ಬಾರಿ ಹಾಸು ಹಾಕಿದ ಮೇಲೆ ಒಬ್ಬರು ಹಳೇ ಬಟ್ಟೆಯೊಂದನ್ನು ಅದರ ಮೇಲೆ ಎಳೆದುಕೊಂಡು ಹೋಗುತ್ತಾರೆ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರಳುಕಾಗದ ಹಿಡಿದು ತಿಕ್ಕಬೇಕು.

ಈ ಹಾಸುಗಳನ್ನು ನೀರು ಸರಿದಂತೆಲ್ಲ ಪ್ರತಿ ವಾರ ಮುಂದಕ್ಕೆ ಜರುಗಿಸುವವರು ಯಾವ ಫೋಟೋದಲ್ಲೂ ಇರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದು.

ಸಾಗರ ಸೀಮೆಯವರಿಗೆ ಒಂದು ಮಾತು ನೆನಪಿಸುತ್ತೇವೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯುವವರೆಗೆ ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚಿಗೆ ಬಸ್ಸು ಕಾರುಗಳು ಹತ್ತುತ್ತಿದ್ದದ್ದು ದಡಕ್ಕೆ ಬಾಗುವ ಅಗಲವಾದ ಹಲಗೆಯ ಮೇಲಿಂದ. ಬಸ್ಸು ಹತ್ತುವಲ್ಲಿ ಗಾಲಿಕುರ್ಚಿ ಹತ್ತದೇ ಇದ್ದೀತೇ? ತೇಲುವ ಕಟ್ಟೆ, ಅದರಿಂದ ದಡಕ್ಕೆ ಬಾಗುವ ಹಲಗೆ, ನೀರಿನೊಂದಿಗೆ ತಾನೂ ಇಳಿಯುವ ಏರ್ಪಾಡು: ಜಲಕ್ರೀಡೆಯ ದಂಡೆಗೂ ಬೇಕಾದದ್ದು ಇಷ್ಟೇ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಾಂಚೂ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿತ್ತು ಎನ್ನುವುದು ನಿಜ. ಅಂಥ ತಿಂಗಳುಗಳಿಗೆ ದಬ್ಬೆ ಹಾಸೇ ಗತಿ.

ಇನ್ನು ಕುರ್ಚಿಯಿಂದ ದೋಣಿಗೆ ದಾಟಿಸುವುದು. ಇಡೀ ದಿನದ ಅತಿ ಅಪಾಯದ ಎರಡು ನಿಮಿಷ ಇದೇ, ನೀರಿನ ಮೇಲೆ ಕಳೆಯುವ ಹೊತ್ತಲ್ಲ. ಕಂಕುಳಿಗೆ ಕೈ ಹಾಕಿ ಎತ್ತುವುದು ಎಲ್ಲರಿಗೂ ತಟ್ಟನೆ ಬರುವ ತಪ್ಪು. ಪೋಲಿಯೊ ಆದವರ, ಪಾರ್ಶ್ವವಾಯು ಬಡಿದವರ ಭುಜದ ಕೀಲು ಸಡಿಲವಿರಬಹುದು, ಒಂದೇ ಎಳೆತಕ್ಕೆ ಕಳಚಬಹುದು. ಕ್ಯಾನ್ವಾಸಿನ ಜೋಲಿ ಬಳಸಬೇಕು. ಮೂರಡಿಗೆ ಎರಡಡಿ ಬಟ್ಟೆ, ಎರಡಿಂಚಿನ ಬೆಲ್ಟ್ ಪಟ್ಟಿಯ ನಾಲ್ಕು ಹಿಡಿಕೆ. ಪಟ್ಟಿಯನ್ನು ಮೂಲೆಗಷ್ಟೇ ಹೊಲಿದರೆ ಭಾರವೆಲ್ಲ ದಾರದ ಮೇಲೆ ಬಿದ್ದು ಒಂದು ದಿನ ಕಿತ್ತುಬರುತ್ತದೆ. ಪಟ್ಟಿ ಬಟ್ಟೆಯ ಅಡಿಯಿಂದ ಈ ತುದಿಯಿಂದ ಆ ತುದಿಗೆ ಹಾದುಹೋಗಬೇಕು, ಆಗ ಭಾರ ಪಟ್ಟಿಯ ಮೇಲಿರುತ್ತದೆ. ಇದನ್ನು ತಿಳಿದು ಹೊಲಿದುಕೊಡುವ ಟೈಲರ್ ನೀರಿನ ಹತ್ತಿರವೂ ಸುಳಿಯದಿರಬಹುದು, ಆದರೂ ಆತ ಜಲಕ್ರೀಡೆಯ ಸ್ವಯಂಸೇವಕನೇ.

ಎತ್ತಲು ನಾಲ್ವರು, ಹೇಳಲು ಒಬ್ಬರು. ಆ ಒಬ್ಬರು ಕೈ ಹಚ್ಚಬಾರದು, ಕಣ್ಣು ದನಿ ಮಾತ್ರ. ಅದಕ್ಕೂ ಮೊದಲು ಎತ್ತಿಸಿಕೊಳ್ಳುವವರನ್ನೇ "ನಿಮ್ಮನ್ನು ಹೇಗೆ ಎತ್ತಬೇಕು, ಎಲ್ಲಿ ಮುಟ್ಟಬಾರದು?" ಎಂದು ಕೇಳಬೇಕು. ಜೊತೆಗೆ ಬಂದ ಅಮ್ಮನನ್ನೋ ಅಣ್ಣನನ್ನೋ ಕೇಳಿದರೆ ಸಾಲದು. ಕೂತ ಮೇಲೆ ಯಾರನ್ನೂ ದೋಣಿಗೆ ಕಟ್ಟಬಾರದು, ಬೀಳುತ್ತಾರೆಂಬ ಕಾಳಜಿಯಿಂದಲೂ ಕಟ್ಟಬಾರದು. ದೋಣಿ ಮಗುಚಿದರೆ ಆ ಕಾಳಜಿಯೇ ಪ್ರಾಣ ತೆಗೆಯುತ್ತದೆ. ಬೆನ್ನಿಗೆ ಆಸರೆ ಬೇಕಿದ್ದರೆ ಎತ್ತರದ ಸ್ಪಂಜಿನ ಒರಗು, ಪಟ್ಟಿ ಬೇಕೇಬೇಕೆಂದರೆ ಒಂದೇ ಎಳೆತಕ್ಕೆ ಬಿಚ್ಚುವ ವೆಲ್ಕ್ರೋ. ಇದೇ ಕಾರಣಕ್ಕೆ ಕಾಲು ಒಳಗೆ ತೂರಿಸಿ ಕೂರುವ ಕಯಾಕಿಗಿಂತ ಮೇಲೆ ಕೂರುವ ಕಯಾಕು ಮೇಲು. ಮಗುಚಿದರೆ ಮನುಷ್ಯ ಹೊರಗೆ ಬೀಳುತ್ತಾನೆ, ಒಳಗೆ ಸಿಕ್ಕಿಕೊಳ್ಳುವುದಿಲ್ಲ.

ಕುರ್ಚಿಯ ಮಾತು ಇನ್ನೊಂದಿದೆ. ಕೂತವರು ನೀರಿಗೆ ಹೋದ ಮೇಲೆ ಖಾಲಿ ಕುರ್ಚಿಯನ್ನು ನೆರಳಿಗೆ ಸರಿಸಿ, ಬ್ರೇಕು ಹಾಕಿ, ಅವರು ಮರಳಿ ಇಳಿಯುವ ಜಾಗಕ್ಕೆ ಮೊದಲೇ ತಂದಿಡುವವರೊಬ್ಬರು ಬೇಕು. ಬಿಸಿಲಿಗೆ ಬಿಟ್ಟರೆ ಕಬ್ಬಿಣ ಕಾದು, ಸ್ಪರ್ಶವಿಲ್ಲದ ತೊಡೆ ಸುಟ್ಟರೂ ತಿಳಿಯುವುದಿಲ್ಲ. ಅದರ ಮೇಲೆ ಒದ್ದೆ ಬಟ್ಟೆ ಹರವುವುದು, ಯಾರೋ ಕೂತು ಟೀ ಕುಡಿಯುವುದು ದಂಡೆಗಳಲ್ಲಿ ಸಾಮಾನ್ಯ. ಆ ಕುರ್ಚಿ ಅವರ ಕಾಲು. ಒಬ್ಬರ ಕಾಲಿನ ಮೇಲೆ ಕೂರಬಾರದೆಂದು ತಾಳ್ಮೆಯಿಂದ ಇಡೀ ದಿನ ಹೇಳುತ್ತ ನಿಲ್ಲುವುದು ಸಣ್ಣ ಕೆಲಸವಲ್ಲ.

ಲೈಫ್ ಜಾಕೆಟ್ ಬಗ್ಗೆ ಇಲಾಖೆಯವರು ದಯವಿಟ್ಟು ಗಮನ ಕೊಡಬೇಕು. ಬಣ್ಣ ಕಿತ್ತಳೆಯಾದರೆ ಸಾಕು ಎಂಬಂತೆ ಖರೀದಿ ನಡೆಯುತ್ತದೆ. ಜಾಕೆಟಿನ ಒಳಚೀಟಿಯಲ್ಲಿ 50, 100, 150 ನ್ಯೂಟನ್ ಎಂದು ಬರೆದಿರುತ್ತದೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕೆಜಿಯನ್ನು ಮೇಲೆತ್ತುವ ಬಲ. 50ರ ಜಾಕೆಟು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ. ಕವುಚಿ ಬಿದ್ದವರನ್ನು ಅದು ಮಗುಚಿ ಮುಖ ಮೇಲೆ ಮಾಡುವುದಿಲ್ಲ. ಕೈಯಿಂದ ತಿರುಗಿಕೊಳ್ಳಲು ಆಗದವರಿಗೆ ಕತ್ತಿನ ಹಿಂದೆ ಕಾಲರ್ ಇರುವ 100 ಅಥವಾ 150 ಬೇಕು. ಕಾಲಿನ ಮಾಂಸಖಂಡ ಸೊರಗಿದವರ ಕಾಲುಗಳು ನೀರಿನಲ್ಲಿ ಮೇಲಕ್ಕೆ ತೇಲಿ ತಲೆ ಕೆಳಗಾಗುವುದುಂಟು. ಆದ್ದರಿಂದ ದೋಣಿ ಹತ್ತುವ ಮೊದಲು ಸೊಂಟದ ಮಟ್ಟದ ನೀರಿನಲ್ಲಿ, ಇಬ್ಬರು ಪಕ್ಕದಲ್ಲಿದ್ದು, ಒಂದು ನಿಮಿಷ ಮೈ ಸಡಿಲ ಬಿಟ್ಟು ತೇಲಿ ನೋಡಬೇಕು. ಬಾಯಿ ನೀರಿಗಿಂತ ಮೇಲಿದ್ದರೆ ಜಾಕೆಟು ಸರಿ. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ: ಜಾಕೆಟು ಗಲ್ಲ ದಾಟಿ ಕಿವಿಗೆ ಬಂದರೆ ಅದು ಸಡಿಲ, ತೊಡೆಸಂದಿನ ಪಟ್ಟಿ ಬೇಕು.

ಯಾರ ದೇಹಕ್ಕೆ ಏನು ಬೇಕು ಎಂಬ ತಿಳಿವಳಿಕೆ ಒಂದು ದಿನದಲ್ಲಿ ಬರುವಂಥದ್ದಲ್ಲ. ಬೆನ್ನುಹುರಿಗೆ ಪೆಟ್ಟಾದವರು ಪೆಟ್ಟಿನ ಕೆಳಭಾಗದಲ್ಲಿ ಬೆವರುವುದಿಲ್ಲ, ಹಾಗಾಗಿ ಬಿಸಿಲು ಬೇಗ ತಾಗುತ್ತದೆ, ಚಳಿಯೂ ಹಾಗೆಯೇ. ಎದೆಯ ನಡುಭಾಗಕ್ಕಿಂತ ಮೇಲೆ ಪೆಟ್ಟಾಗಿದ್ದವರಿಗೆ ಮೂತ್ರದ ಚೀಲ ತುಂಬಿದರೆ, ಮೂತ್ರ ಹೋಗಲು ಹಾಕಿದ ನಳಿಕೆ ಮಡಚಿಕೊಂಡರೆ, ಜಾಕೆಟು ಹೊಟ್ಟೆಗೆ ಬಿಗಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ. ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರುವುದು ಅದರ ಗುರುತು. ಮಲಗಿಸಬಾರದು, ನೆಟ್ಟಗೆ ಕೂರಿಸಿ, ಪಟ್ಟಿಗಳನ್ನೆಲ್ಲ ಸಡಿಲಿಸಿ, ನಳಿಕೆ ನೋಡಬೇಕು. ಒತ್ತಡ ಇಳಿಯದಿದ್ದರೆ ಕೂಡಲೇ ಆಸ್ಪತ್ರೆ. ನೀರಿಗಿಳಿಯುವ ಮೊದಲು ಚೀಲ ಖಾಲಿ ಮಾಡಿಸುವುದನ್ನು ನಾಚಿಕೆಯಿಲ್ಲದೆ, ಅವರಿಗೂ ನಾಚಿಕೆಯಾಗದಂತೆ ಕೇಳಲು ಬರುವ ಸ್ವಯಂಸೇವಕರು ಚಿನ್ನದಂಥವರು.

ಕಿವಿ ಕೇಳದವರು ಶ್ರವಣಯಂತ್ರ ತೆಗೆದಿಟ್ಟು ನೀರಿಗಿಳಿಯುತ್ತಾರೆ, ಸೀಟಿ ಊದಿ ಫಲವಿಲ್ಲ. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ 'ಬನ್ನಿ', ಅಡ್ಡಲಾಗಿ ಎತ್ತಿದರೆ 'ನಿಲ್ಲಿ' ಎಂದು ದಡದಲ್ಲೇ ಗೊತ್ತು ಮಾಡಿಕೊಳ್ಳಬೇಕು. ಕಣ್ಣು ಕಾಣದವರಿಗೆ ಜೋಡಿ ಕಯಾಕಿನ ಮುಂದಿನ ಸೀಟು. ಹಿಂದಿನವರು "ಅಲ್ಲಿ, ಇಲ್ಲಿ" ಎನ್ನದೆ "ಎಡಕ್ಕೆ ಎರಡು ಹುಟ್ಟು", "ಹತ್ತು ಮಾರು ಮುಂದೆ ಬೊಡ್ಡೆ" ಎಂದು ಹೇಳಬೇಕು. ಮುಳುಗಡೆ ಕಾಡಿನ ಬೊಡ್ಡೆಗಳು ಹಿನ್ನೀರಿನಲ್ಲಿ ಇಂದಿಗೂ ನಿಂತಿವೆ, ನೀರು ಇಳಿದಂತೆ ಅವು ಮೇಲ್ಮೈಗೆ ಹತ್ತಿರವಾಗುತ್ತವೆ. ಆಟಿಸಂ ಇರುವ ಮಕ್ಕಳಿಗೆ ಒದ್ದೆ ಜಾಕೆಟಿನ ಬಿಗಿತವೇ ದೊಡ್ಡ ಹಿಂಸೆ. ಒಂದು ವಾರ ಮೊದಲೇ ಜಾಕೆಟನ್ನು ಮನೆಗೆ ಕೊಟ್ಟು, ದಿನಕ್ಕೆ ಐದು ನಿಮಿಷ ತೊಟ್ಟು ಅಭ್ಯಾಸವಾದ ಮೇಲೆ ಬಂದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಸಲ ಅದೇ ಸ್ವಯಂಸೇವಕರು ಜೊತೆಗಿದ್ದರೆ ಉಳಿದರ್ಧವೂ.

ದೋಣಿ ವಾಲದಂತೆ ಪಕ್ಕಕ್ಕೆ ತೇಲುಪೈಪು ಕಟ್ಟುವುದು ಊರಿನ ವೆಲ್ಡರ್, ಪ್ಲಂಬರ್‌ಗಳು ಮಾಡಿಕೊಡಬಲ್ಲ ಕೆಲಸ. ನಾಲ್ಕಿಂಚಿನ ಪಿವಿಸಿ ಪೈಪು ಒಂದೂವರೆ ಮೀಟರು, ಎರಡೂ ತುದಿಗೆ ಮುಚ್ಚಳ ಹಾಕಿ ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಸಿದರೆ ಸುಮಾರು ಹದಿನಾಲ್ಕು ಲೀಟರು ನೀರನ್ನು ಸರಿಸುತ್ತದೆ. ಪೈಪಿನದೇ ತೂಕ ಕಳೆದರೆ ಒಂದೊಂದು ಬದಿಗೆ ಹನ್ನೊಂದು ಹನ್ನೆರಡು ಕೆಜಿಯ ಆಸರೆ. ಸೀಟಿನ ಹಿಂದಕ್ಕೆ ಕಟ್ಟಬೇಕು, ಇಲ್ಲವಾದರೆ ಹುಟ್ಟು ಬಡಿಯುತ್ತದೆ. ದೋಣಿ ನೆಟ್ಟಗಿದ್ದಾಗ ಪೈಪು ನೀರಿಗೆ ತಾಗಿಯೂ ತಾಗದಂತಿರಬೇಕು. ಪೂರ್ತಿ ಮುಳುಗಿದರೆ ಎಳೆತ ಜಾಸ್ತಿ, ಹುಟ್ಟು ಹಾಕುವವರು ಹತ್ತು ನಿಮಿಷಕ್ಕೇ ಸುಸ್ತು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಅಂಟು ಬಿಡುತ್ತದೆ, ಆಮೇಲೆ ನೀರು ಸದ್ದಿಲ್ಲದೆ ಒಳಗೆ ಸೇರುತ್ತದೆ. ಬೆಳಿಗ್ಗೆ ದೋಣಿ ಇಳಿಸುವ ಮೊದಲು ಪೈಪನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರು ಕುಲುಕಿದ ಸದ್ದಾದರೆ ಆ ದೋಣಿ ಅವತ್ತು ಇಳಿಯಕೂಡದು.

ಹೆಣ್ಣುಮಕ್ಕಳ ವಿಷಯದಲ್ಲಿ ಅಡ್ಡಿ ಹೆಚ್ಚಾಗಿ ಬಟ್ಟೆ ಬದಲಿಸುವ ಕೋಣೆಯದ್ದು. ಒಳಗಿನಿಂದ ಚಿಲಕವಿಲ್ಲ, ಕಿಟಕಿಗೆ ಗಾಜಿಲ್ಲ, ಒದ್ದೆ ನೆಲದಲ್ಲಿ ಒಣ ಬಟ್ಟೆ ಇಡಲು ಗೂಟವಿಲ್ಲ. ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂತಿದ್ದು, ಒಳಗೆ ಐದಡಿ ಖಾಲಿ ಜಾಗವಿದ್ದರೆ ಗಾಲಿಕುರ್ಚಿಯೂ ತಿರುಗುತ್ತದೆ. ಈಜುಡುಗೆಯೇ ಬೇಕೆಂಬ ಹಟ ಕಯಾಕಿಗೆ ಬೇಕಿಲ್ಲ; ಚೂಡಿದಾರ್ ಸಾಕು, ದುಪಟ್ಟಾ ಮತ್ತು ಸೆರಗು ಮಾತ್ರ ಬೇಡ, ಅವು ಸುತ್ತಿಕೊಳ್ಳುತ್ತವೆ. ಕಲಿಸುವವರಲ್ಲಿ ಒಬ್ಬ ಹೆಂಗಸಾದರೂ ಇದ್ದರೆ ಊರಿನ ತಾಯಂದಿರು ಮಗಳನ್ನು ಕಳಿಸುತ್ತಾರೆ.

ಇಷ್ಟೆಲ್ಲ ದಯೆಯ ಕೆಲಸವೆಂದು ಯಾರೂ ತಿಳಿಯಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವುದನ್ನು ಹಕ್ಕೆಂದು ಮಾನ್ಯ ಮಾಡಿ, ಅದಕ್ಕೆ ತಕ್ಕಂತೆ ಸೌಕರ್ಯ ರೂಪಿಸುವ ಹೊಣೆಯನ್ನು ಸರ್ಕಾರ ಮತ್ತು ಕ್ರೀಡಾ ಸಂಸ್ಥೆಗಳ ಮೇಲೆ ಹಾಕಿದೆ. ವಿಕಲಚೇತನರ ದೋಣಿ ಸ್ಪರ್ಧೆಯಾದ ಪ್ಯಾರಾ ಕನೂ 2016ರ ರಿಯೊದಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಟೋಕಿಯೊದಲ್ಲಿ ಭಾರತದ ಪರವಾಗಿ ಆ ಸ್ಪರ್ಧೆಗಿಳಿದ ಮೊದಲಿಗರಾದ ಪ್ರಾಚಿ ಯಾದವ್ ಭೋಪಾಲದ ಕೆರೆಯಲ್ಲಿ ಅಭ್ಯಾಸ ಮಾಡಿದವರು. ಶರಾವತಿ, ತುಂಗಾ, ಭದ್ರೆಯರ ನೀರಿಟ್ಟುಕೊಂಡ ನಮಗೆ ಕೊರತೆಯಿರುವುದು ನೀರಿನದ್ದಲ್ಲ. ಸ್ವಯಂಸೇವಕರು ಈಗ ಹೊತ್ತಿರುವ ಭಾರದಲ್ಲಿ ದೊಡ್ಡ ಪಾಲು ಕಾನೂನಿನ ಪ್ರಕಾರ ನಿಮ್ಮದು. ಈ ಮಾತನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಸನ್ಮಾನದ ಮಾತು ಬಂದಾಗ ಇದನ್ನು ಮರೆಯಬಾರದು ಎಂದಷ್ಟೇ.

ಈಗ ಗೌರವದ ವಿಷಯ.

ಜಲಸಾಹಸಕ್ಕೆ ಪ್ರಶಸ್ತಿಗಳು ಇಲ್ಲವೆಂದಲ್ಲ. ಕೇಂದ್ರದ ತೇನ್‌ಸಿಂಗ್ ನಾರ್ಗೆ ಸಾಹಸ ಪ್ರಶಸ್ತಿಯಲ್ಲಿ ಜಲವಿಭಾಗವಿದೆ, ನಮ್ಮ ರಾಜ್ಯದಲ್ಲಿ ಕ್ರೀಡಾಪಟುಗಳಿಗೆ ಏಕಲವ್ಯ, ಕ್ರೀಡೆಯನ್ನು ಬೆಳೆಸುವ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿಗಳಿವೆ. ಅಲ್ಲಿ ನೋಡುವುದು ಸಾಧನೆಯನ್ನು: ಎಷ್ಟು ದೂರ, ಎಷ್ಟು ಪದಕ, ಎಷ್ಟು ವರ್ಷ. ದಬ್ಬೆಯ ಸಿಬಿರು ತೆಗೆಯುವವರು ಆ ಅಳತೆಗೋಲಿಗೆ ಸಿಗುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ಬೇರೆ ಅಳತೆಗೋಲು ಬೇಕು, ಅದು ಸರಳವಾಗಿದೆ: ಎರಡನೇ ಸಲ ಬಂದವರ ಪಟ್ಟಿ. ಮೊದಲ ಸಲ ಯಾರು ಬೇಕಾದರೂ ಬರುತ್ತಾರೆ, ಬಸ್ಸು ಮಾಡಿ ಕರೆತಂದರೆ ಆಯಿತು. ಕಾಲಿಲ್ಲದವರು, ಕಣ್ಣಿಲ್ಲದವರು, ದಂಡೆಯೂರಿನ ಹುಡುಗಿ ಎರಡನೇ ಸಲ ತಾವಾಗಿ ಬಂದರೆ ಅಲ್ಲಿ ಯಾರೋ ಕೆಲಸ ಸರಿಯಾಗಿ ಮಾಡಿದ್ದಾರೆ. ಪ್ರತಿ ಕ್ಲಬ್ಬು ಒಂದು ದಾಖಲೆ ಪುಸ್ತಕ ಇಡಲಿ. ಎರಡನೇ ಸಲ ಬಂದವರಲ್ಲಿ ಒಂದೇ ಪ್ರಶ್ನೆ ಕೇಳಲಿ: ಯಾರಿದ್ದಾರೆಂದು ಮತ್ತೆ ಬಂದಿರಿ? ಅಲ್ಲಿ ಬರುವ ಹೆಸರುಗಳೇ ಸನ್ಮಾನದ ಪಟ್ಟಿ. ಪದಾಧಿಕಾರಿಗಳು ಒಬ್ಬರನ್ನೊಬ್ಬರು ಸೂಚಿಸಿ ಅನುಮೋದಿಸುವ ಪದ್ಧತಿ ಇಲ್ಲಿಗೆ ಬೇಡ. ಆಟೋದಲ್ಲಿ ಕರೆತರುವವರು, ಟೈಲರ್, ಸನ್ನೆ ಭಾಷೆ ಬಲ್ಲವರು, ಅಡುಗೆಯವರ ಹೆಸರು ಬಂದರೆ ಅವೂ ಇರಲಿ.

ಸಮಾರಂಭವನ್ನು ರಂಗಮಂದಿರದ ವೇದಿಕೆಯ ಮೇಲೆ ಮಾಡಬೇಡಿ. ವೇದಿಕೆಗೆ ಮೆಟ್ಟಿಲಿದ್ದು ಇಳಿಜಾರಿಲ್ಲದಿದ್ದರೆ, ಯಾರಿಗಾಗಿ ಈ ಕೆಲಸ ನಡೆಯಿತೋ ಅವರು ಕೆಳಗೆ ಕೂತು ಚಪ್ಪಾಳೆ ಹೊಡೆಯಬೇಕಾಗುತ್ತದೆ. ದಂಡೆಯಲ್ಲೇ ಮಾಡಿ. ಸನ್ನೆ ಭಾಷೆಯವರನ್ನು ಭಾಷಣಕಾರರ ಪಕ್ಕದಲ್ಲಿ, ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿಸಿ. ಮಕ್ಕಳ ಫೋಟೋ ಬ್ಯಾನರಿಗೆ ಹಾಕುವ ಮೊದಲು ಮಕ್ಕಳನ್ನೂ ಹೆತ್ತವರನ್ನೂ ಕೇಳಿ. ಭಾಷಣದಲ್ಲಿ "ಪಾಪ" ಎಂಬ ಮಾತು ಬೇಡ, "ದೇವರಂಥವರು" ಎಂಬುದೂ ಬೇಡ.

ದಿನಾಂಕಕ್ಕೆ ಹುಡುಕಬೇಕಿಲ್ಲ. ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ, ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ಮಳೆ ಚೆನ್ನಾಗಿ ಆದ ವರ್ಷ ಆ ಹೊತ್ತಿಗೆ ಹಿನ್ನೀರಿನಲ್ಲಿ ನೀರೂ ಇರುತ್ತದೆ. ಮಂಜು ಕರಗಿದ ಮೇಲೆ, ಒಂಬತ್ತೂವರೆಗೆ ಶುರು ಮಾಡಿ ಮಧ್ಯಾಹ್ನ ಗಾಳಿ ಏಳುವ ಮೊದಲು ದೋಣಿಗಳನ್ನು ದಡಕ್ಕೆ ತನ್ನಿ. ಮೊದಲು ದೋಣಿ, ಆಮೇಲೆ ಭಾಷಣ.

ಕೊಡುವುದು ಏನನ್ನು? ಪ್ರತಿ ಸ್ವಯಂಸೇವಕರಿಗೆ ವರ್ಷಪೂರ್ತಿ ಅಪಘಾತ ವಿಮೆ. ದಂಡೆಗೆ ಬಂದುಹೋಗುವ ಬಸ್ ಖರ್ಚು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆಯ ತರಬೇತಿಗೆ ವರ್ಷಕ್ಕೆ ನಾಲ್ಕು ಜನರ ಶುಲ್ಕ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ನೀರಿನಲ್ಲಿ ಮುಳುಗಿ ಉಸಿರು ನಿಂತವರಿಗೆ ಮೊದಲು ಉಸಿರು ಊದಬೇಕು, ಆಮೇಲೆ ಎದೆ ಒತ್ತಬೇಕು ಎಂಬುದನ್ನು ಕೈಯಲ್ಲಿ ಮಾಡಿ ಕಲಿತವರು ಪ್ರತಿ ದಂಡೆಯಲ್ಲೂ ಇಬ್ಬರಾದರೂ ಇರಲೇಬೇಕು. ಕಾಲರ್ ಇರುವ ಜಾಕೆಟುಗಳು ದಂಡೆಗೆ ಹತ್ತು.

ಹೆಗಲಿಗೆ ಹೊದಿಸಲೇಬೇಕೆಂದಿದ್ದರೆ ಜರಿ ಶಾಲಿನ ಬದಲು ಒಂದೊಂದು ಕಂಬಳಿ ಹೊದಿಸಿ. ಸೊಂಟದ ಮಟ್ಟದ ನೀರಿನಲ್ಲಿ ಮೂರು ಗಂಟೆ ನಿಂತು ಮೇಲೆ ಬಂದವರಿಗೆ ಶಾಲು ಬೀರು ಸೇರುವ ವಸ್ತು. ಕಂಬಳಿ ಅರ್ಧ ನೆನೆದರೂ ಬೆಚ್ಚಗಿಡುತ್ತದೆ.

ಹಿಂದಿನ ದಿನ ಸಂಜೆ ಯಾರಾದರೂ ಅಧಿಕಾರಿಗಳು ಬಂದು ದಬ್ಬೆ ಹಾಸು ನೀರಿನ ಅಂಚಿಗೆ ಮುಟ್ಟಿದೆಯೇ ನೋಡಬೇಕು. ಮುಟ್ಟಿರದಿದ್ದರೆ ಸರಿಸಲು ಇಬ್ಬರು ಬೇಕು, ಒಂದು ತುದಿ ಅವರು ಹಿಡಿಯಲಿ.

ಇಂತಿ ತಮ್ಮ ವಿಶ್ವಾಸಿಗಳು,
ಮಲೆನಾಡಿನ ಹಿನ್ನೀರು ದಂಡೆಗಳಲ್ಲಿ ದೋಣಿ ಕಲಿಸುವವರು ಮತ್ತು ದುರಸ್ತಿ ಮಾಡುವವರು